ಅರೆ ಅರಳಿದ ಕಾಡುಶುಂಠಿ

“ಗುರುಗಳೇ, ಮನಸ್ಸಿನಲ್ಲಿ ಭಯ ತುಂಬಿರುವಾಗ ಏನು ಮಾಡಬೇಕು? ಅದು ಹೋಗುವವರೆಗೆ ಕಾಯಬೇಕೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಎತ್ತರದ ಬೆಟ್ಟವೊಂದರಲ್ಲಿ ಕುರಿ ಕಾಯುವ ಹೆಂಗಸೊಬ್ಬಳಿದ್ದಳು. ಗಂಡ ಉಣ್ಣೆ ಮಾರಲು ಕಣಿವೆಗೆ ಇಳಿದಿದ್ದ. ಅದೇ ಹೊತ್ತಿಗೆ ಮಗಳಿಗೆ ಜ್ವರ ಬಂತು. ಮಗು ಕುಡಿದ ನೀರನ್ನೂ ಕಕ್ಕತೊಡಗಿತು.

ಅಲ್ಲಿನವರಿಗೆ ಗೊತ್ತಿದ್ದ ಮದ್ದು ಒಂದೇ, ಕಾಡುಶುಂಠಿಯ ಗೆಡ್ಡೆ. ಗೇಣುದ್ದದ ಗಿಡ. ಹೆಸರಿಗೆ ಶುಂಠಿಯಾದರೂ ಅದಕ್ಕೆ ವಾಸನೆಯಿಲ್ಲ. ಅದರ ಪಕ್ಕದಲ್ಲೇ ಅದೇ ಬಗೆಯ ಎಲೆಯಿರುವ ವಿಷದ ಗಿಡವೂ ಬೆಳೆಯುತ್ತಿತ್ತು. ಶುಂಠಿಗೆ ನೇರಳೆ ಹೂವು, ವಿಷದ ಗಿಡಕ್ಕೆ ಬಿಳಿ; ಹೂವು ಅರಳಿದರೆ ಮಾತ್ರ ಯಾವುದು ಯಾವುದೆಂದು ತಿಳಿಯುತ್ತಿತ್ತು. ಮಳೆ ಆಗಷ್ಟೇ ಶುರುವಾಗಿತ್ತು. ಇಳಿಜಾರಿನ ತುಂಬ ಬರೀ ಎಲೆ.

ಮೈದುನ ಒಂದು ಗೆಡ್ಡೆ ಕಿತ್ತು ತಂದ. “ಅತ್ತಿಗೆ, ಇದೇ ಶುಂಠಿ. ಹುಟ್ಟಿದಾಗಿನಿಂದ ಈ ಬೆಟ್ಟದಲ್ಲೇ ಇದ್ದೇನೆ, ನನಗೆ ಗೊತ್ತಾಗುವುದಿಲ್ಲವೇ?”

“ಹಾಗಾದರೆ ನೀನೇ ಮೊದಲು ಒಂದು ಚೂರು ತಿನ್ನಪ್ಪ.”

ಅವನು ಗೆಡ್ಡೆಯನ್ನು ನೆಲದ ಮೇಲಿಟ್ಟು ತಲೆ ತಗ್ಗಿಸಿದ.

ಮಗುವನ್ನು ಅವನ ಮಡಿಲಿಗೆ ಹಾಕಿ ಅವಳೇ ಬೆಟ್ಟ ಹತ್ತಿದಳು. ತಾನು ಮರಳುವುದರೊಳಗೆ ಏನಾಗಿಬಿಡುತ್ತದೋ ಎಂದು ಮತ್ತೆ ಮತ್ತೆ ಹಿಂದಿರುಗಿ ನೋಡಿದಳು. ಕೊನೆಗೆ ಒಂದು ಬಂಡೆಯ ಮರೆಯಲ್ಲಿ ಹೂವು ಕಂಡಿತು. ಒಂದೇ ಒಂದು, ಅರೆ ಅರಳಿದ್ದು. ಅದು ನೇರಳೆಯೋ, ಮಾಸಿದ ಬಿಳಿಯೋ, ಹೇಳಲಾಗದ ಬಣ್ಣ. ಪೂರ್ತಿ ಅರಳಲಿ ಎಂದು ಕಾಯುವಷ್ಟು ಹೊತ್ತು ಮಗುವಿಗಿರಲಿಲ್ಲ. ಅವಳು ಅದನ್ನೇ ಅಗೆದು ತಂದಳು.

ಮನೆಗೆ ಬಂದು ಒಂದು ಚೂರನ್ನು ತಾನೇ ಅಗಿದು ನುಂಗಿದಳು. ನಾಲಿಗೆ ಉರಿಯಿತು. ಮುಗಿಯಿತು ಎಂದುಕೊಂಡಳು. ಮಗುವಿನ ಏದುಸಿರು ಕೇಳುತ್ತ, ತನಗೆ ಕಣ್ಣು ಕತ್ತಲೆ ಬರುತ್ತದೋ ಎಂದು ನೋಡುತ್ತ ಒಲೆಯ ಮುಂದೆ ಕುಳಿತಳು. ಹೊತ್ತು ಸರಿಯಿತು. ಉರಿ ತಣ್ಣಗಾಯಿತು. ಅವಳಿಗೆ ಏನೂ ಆಗಲಿಲ್ಲ. ಆಮೇಲೆ ಕಷಾಯ ಕುದಿಸಿ ಮಗುವಿಗೆ ಕುಡಿಸಿದಳು. ಸಂಜೆಯಷ್ಟರಲ್ಲಿ ಮಗುವಿನ ಮೈ ಬೆವರಿತು. ಮರುದಿನ ಅದು ಗಂಜಿ ಕೇಳಿತು.

ಶಿಷ್ಯನ ಮುಖ ಅರಳಿತು. “ಹಾಗಾದರೆ, ಗುರುಗಳೇ, ಕಷಾಯ ಕುಡಿಸುವ ಹೊತ್ತಿಗೆ ಅವಳ ಭಯ ಹೋಗಿತ್ತು ಅಲ್ಲವೇ?”

“ಇಲ್ಲ, ಕೈ ನಡುಗಿ ಅರ್ಧ ಕಷಾಯ ನೆಲಕ್ಕೆ ಚೆಲ್ಲಿತ್ತು,” ಎಂದರು ಗುರುಗಳು.