ಮಸಿ ಕಾಣದ ಕಡೆಯ ಗರಿ

ಹೊಳೆಯ ದಂಡೆಯಲ್ಲಿ ಪೂಜ್ಯ ಗುರುಶಾಂತ ಶಿವಯೋಗಿಗಳ ಮಠವಿತ್ತು. ಮಠವೆಂಬುದು ಹೆಸರಿಗೆ; ಇದ್ದದ್ದು ಎರಡು ಅಂಕಣದ ಮಣ್ಣಿನ ಮನೆ. ಕಣ್ಣು ಮಸುಕಾಗಿದ್ದರೂ ಪೂಜ್ಯರು ಬಂದವರಿಗೆಲ್ಲ ತಾವೇ ತಡವರಿಸುತ್ತ ಜೋಳದ ನುಚ್ಚು ಬಡಿಸುತ್ತಿದ್ದರು.

ಆ ಮಧ್ಯಾಹ್ನ ಪಂಕ್ತಿಯಲ್ಲಿ ದಾವಲಸಾಬನೂ ಕುಳಿತಿದ್ದ. ಪಟ್ಟಣದ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವನು. ಮಠದ ಪುರಾಣವನ್ನು ಅಚ್ಚು ಹಾಕಿಸಲೆಂದು ಪೂಜ್ಯರೇ ಕರೆಸಿದ್ದರು. ಅವನನ್ನು ಕಂಡದ್ದೇ ತಡ, ಈರಯ್ಯ ಎಲೆ ಬಿಟ್ಟು ಎದ್ದು ಒಳಗೆ ಹೋದ. ಆ ಪುರಾಣವನ್ನು ನಾಲ್ಕು ತಲೆಮಾರಿನಿಂದ ತಾಳೆಗರಿಯ ಮೇಲೆ ಕೊರೆದು, ಅಕ್ಷರ ಕಾಣುವಂತೆ ಮಸಿ ತೀಡಿ, ಕಾಪಾಡಿಕೊಂಡು ಬಂದ ಮನೆತನ ಅವನದು. ಗರಿಗಳ ಕಟ್ಟು ಮಠದ ಒಳಮನೆಯಲ್ಲಿ ಅವನ ವಶದಲ್ಲೇ ಇತ್ತು. ಅವನು ಕೊಡದೆ ಅಚ್ಚಿನ ಕೆಲಸ ಸಾಗುವಂತಿರಲಿಲ್ಲ. ಅಚ್ಚಿನಿಂದ ಶಾಸ್ತ್ರ ಮೈಲಿಗೆಯಾಗುತ್ತದೆಂದು ಊರೆಲ್ಲ ಸಾರಿಕೊಂಡು ತಿರುಗಿದ್ದ, ಪುಣ್ಯಾತ್ಮ! ಇತ್ತ ದಾವಲಸಾಬ ನುಚ್ಚು ಮುಟ್ಟದೆ ತಲೆ ತಗ್ಗಿಸಿ ಕುಳಿತುಬಿಟ್ಟ.

ಪೂಜ್ಯರು ಗದರಲಿಲ್ಲ. ಒಳಗೆ ಬಂದು ಈರಯ್ಯನ ಪಕ್ಕದಲ್ಲೇ ಕುಳಿತು ಕಟ್ಟು ಬಿಚ್ಚಿಸಿದರು. ಕಡೆಯ ಗರಿಯ ಮೇಲೆ ಮೆಲ್ಲಗೆ ಬೆರಳಾಡಿಸಿದರು.

"ಇದಕ್ಕ ಮಸಿ ಹಚ್ಚು."

"ಅಪ್ಪಾರ, ಅದು ಖಾಲಿ ಗರಿ. ನಮ್ಮ ಹಿರೇರು ಯಾರೂ ಹಚ್ಚಿಲ್ಲ."

"ಕೊರದದ್ದು ಬೆರಳಿಗೆ ಹತ್ತತೈತಿ. ಹಚ್ಚು."

ಮನಸ್ಸಿಲ್ಲದ ಮನಸ್ಸಿನಿಂದ ಈರಯ್ಯ ಮಸಿ ತೀಡಿದ. ಸಾಲುಗಳು ಮೂಡಿದವು. ಅದು ಮೊದಲ ಬಾರಿಗೆ ಪುರಾಣ ಬರೆದ ಅವನ ಮುತ್ತಜ್ಜನ ಕೈಬರಹ. ಈರಯ್ಯ ಓದಿದ:

‘ಬಾಯಿಂದ ಬಾಯಿಗೆ ಬಂದುದನ್ನು ಗರಿಗೆ ಇಳಿಸಿದೆನೆಂದು ಪುರಾಣ ಹೇಳುವ ಹಿರಿಯರು ಪಂಕ್ತಿಯಲ್ಲಿ ನನ್ನನ್ನು ಬಿಟ್ಟು ಎದ್ದರು. ಎದುರಿನ ಅನ್ನ ಮುಟ್ಟದೆ ಕುಳಿತೆ.’

ಈರಯ್ಯನಿಗೆ ನಾಚಿಕೆಯಾಯಿತು. ದುಃಖವೂ ಉಕ್ಕಿಬಂತು. ಊರಿಗೆ ಹೇಳದೆ ಬಚ್ಚಿಟ್ಟ ಮಾತು ಆಗ ಹೊರಬಿತ್ತು.

"ಅಪ್ಪಾರ, ಅಚ್ಚು ಬಂದ ಮ್ಯಾಲ ನನ್ನ ಕೈ ಯಾತಕ್ಕ ಬೇಕು?"

"ಆ ಪುರಾಣ ಹೇಳೋ ಹಿರೇರೂ ಹಿಂಗಽ ಅಂಜಿದ್ರು, ತಮ್ಮ ಬಾಯಿ ಯಾತಕ್ಕಂತ. ಅವರ ಬಾಯಾಗಿಂದಽ ನಿನ್ನ ಗರಿಗೆ ಬಂತಲ್ಲೊ," ಎಂದರು ಪೂಜ್ಯರು. ಕಟ್ಟನ್ನು ಅವನತ್ತ ಸರಿಸಿ, "ಮೊಳಿ ತಪ್ಪಿದ್ರ ತಿದ್ದಾವರು ಯಾರು, ನೀನಽ ಹೇಳು," ಎಂದರು.

ಈರಯ್ಯ ಪೂಜ್ಯರ ಪಾದಗಳಿಗೆ ಹಣೆ ಹಚ್ಚಿದ. ಆಮೇಲೆ ಹೊರಗೆ ಬಂದ. ದಾವಲಸಾಬ ಇನ್ನೂ ಹಾಗೆಯೇ ಕುಳಿತಿದ್ದ. ಈರಯ್ಯ ತಾನು ಬಿಟ್ಟುಹೋದ ಎಲೆಯನ್ನು ಎತ್ತಿ ತಂದು ಅವನ ಪಕ್ಕದಲ್ಲಿಟ್ಟುಕೊಂಡು ಕುಳಿತ.

"ನುಚ್ಚು ಆರೇತಿ, ಉಣ್ಣಪಾ ತಮ್ಮಾ. ಉಂಡ ಮ್ಯಾಲ ಕಟ್ಟು ಕೊಡ್ತೀನಿ. ಕಡೀ ಗರೀನೂ ಅಚ್ಚಿನಾಗ ಬರಬೇಕು ನೋಡು, ಮರೀಬ್ಯಾಡ."