ಅಮಲ್ದಾರರ ಎಣ್ಣೆಸ್ನಾನ

ಅಮಲ್ದಾರ್ ವೆಂಕೋಬರಾಯರಿಗೆ ಇಂಗ್ಲಿಷಿನ ಹುಚ್ಚು. ದೀಪಾವಳಿಯ ಬೆಳಗ್ಗೆ ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು ಬಚ್ಚಲಲ್ಲಿ ಕೂತವರು, ನೀರು ಹೊಯ್ಯುವ ಆಳು ದೊಡ್ಡೀರನ ಮೇಲೆ ಗುಡುಗಿದರು.

"ಯಾವುದಾದರೂ ಜಾಸ್ತಿ ಆಗ್ತಾ ಆಗ್ತಾ ಹೋದರೆ ಇಂಗ್ಲಿಷಲ್ಲಿ 'ಇಂಟೆನ್ಸಿಫೈ' ಅಂತಾರೆ ಕಣೋ. ನಿನ್ನ ಕನ್ನಡದಲ್ಲಿ ಅದಕ್ಕೆ ಮಾತೆಲ್ಲಿದೆ? ನಾಲ್ಕು ಹೇಳು ನೋಡೋಣ. ಇಲ್ಲದಿದ್ದರೆ ನಾಳೆಯಿಂದ ಈ ಮನೆಯಲ್ಲಿ ಕನ್ನಡ ಬಂದ್!"

"ಆಗಲಿ ಬುದ್ಧಿ. ಮೊದಲು ಸೀಗೆಪುಡಿ ಹಚ್ತೀನಿ, ಕಣ್ಣು ಮುಚ್ಕೊಳ್ಳಿ."

ಹಚ್ಚಿದ. ಒಲೆಗೆ ಇನ್ನಷ್ಟು ಸೌದೆ ತುರುಕಿದ. ಹಂಡೆಯಿಂದ ಮೊಗೆದು ಮೊಗೆದು ಹೊಯ್ದ.

"ಲೋ, ಬಿಸಿ ಏರ್ತಾ ಇದೆ!"

"ಒಂದಾಯ್ತು ಬುದ್ಧಿ."

"ಕಾವು ಹೆಚ್ತಾ ಇದೆ ಕಣೋ!"

"ಎರಡಾಯ್ತು."

"ಉರಿ ಜೋರಾಯ್ತಲ್ಲೋ! ಅಯ್ಯಯ್ಯೋ, ಮಿತಿ ಮೀರಿತು, ನಿಲ್ಲಿಸೋ!"

ದೊಡ್ಡೀರ ಚೆಂಬು ಕೆಳಗಿಟ್ಟ. "ನಾಲ್ಕೂ ಆದವು ಬುದ್ಧಿ."

ರಾಯರು ಕಣ್ಣುಜ್ಜಿಕೊಳ್ಳುತ್ತಾ ಕೂಗಾಡಿದರು. "ನೀನೆಲ್ಲಿ ಹೇಳಿದೆಯೋ? ಅಷ್ಟೂ ಹೇಳಿದ್ದು ನಾನು!"

"ಹೌದು ಬುದ್ಧಿ. ಕನ್ನಡ ನನ್ನ ಹತ್ರ ಇರೋವಷ್ಟೇ ನಿಮ್ಮ ಹತ್ರಾನೂ ಇದೆ. ಬೆನ್ನು ಬಿಸಿಯಾಗಬೇಕಿತ್ತು, ಅಷ್ಟೆ. ಇನ್ನೂ ಬೇಕಾದಷ್ಟು ಮಾತಿವೆ. ಹೊಯ್ಯಲಾ ಇನ್ನೊಂದು ಚೆಂಬು?"

"ಬೇಡ ಮಾರಾಯ, ಬೇಡ!" ಅಂದರು ರಾಯರು.

ಅದೂ ಕನ್ನಡದಲ್ಲೇ.