ಹೂಂಗಾಗಿ ಕಾದ ರಾಕ್ಷಸ

"ಗುರುಗಳೇ, ಈ ಕೆಲಸ ಬಿಟ್ಟುಬಿಡಲೇ?" ಎಂದು ಪಂಪಾಪತಿ ಕೇಳಿದ.

ಅವನು ವಿಡಿಯೋ ಗೇಮುಗಳಿಗೆ ಕತೆ ಬರೆಯುವವನು. ಮಾಂತ್ರಿಕರು, ಕತ್ತಿ ಹಿಡಿದ ವೀರರು, ಶಾಪ ತಟ್ಟಿದ ರಾಜ್ಯಗಳು, ಇವೇ ಅವನ ಸರಕು. ಒಂದೇ ಗೇಮಿನ ಕತೆಗೆ ಮೂರು ವರ್ಷ ಸವೆಸಿದ್ದ. ಈಗ ಸಾಕುಸಾಕಾಗಿತ್ತು.

"ಲೋಕ ಮುಳುಗುತ್ತಿದೆ, ಬೇಗ ಬಂದು ಕಾಪಾಡು ಎಂದು ಬರೆದಿದ್ದೇನೆ. ಆಡುವವರು ಗೇಮಿನೊಳಗಿನ ಕೆರೆ ದಂಡೆಯಲ್ಲಿ ಮೀನು ಹಿಡಿಯುತ್ತಾ ಕೂರುತ್ತಾರೆ. ತಾವು ಹೋಗುವವರೆಗೆ ಲೋಕ ಮುಳುಗುವುದಿಲ್ಲ ಎಂದು ಅವರಿಗೆ ಗೊತ್ತು. ತಪ್ಪು ಅವರದೋ, ನನ್ನದೋ?"

ಗುರುಗಳು ಅವನ ಬಾಡಿದ ಮುಖ ನೋಡಿ, ಒಂದು ಕತೆ ಹೇಳತೊಡಗಿದರು.

ಒಂದು ಊರಿನ ಛತ್ರದಲ್ಲಿ ಒಬ್ಬ ಕತೆಗಾರನಿದ್ದ. ಕೇಳುವವನು ಹೂಂಗುಟ್ಟಿದರೆ ಮಾತ್ರ ಕತೆ ಮುಂದೆ ಹೋಗಬೇಕು ಎಂಬುದು ಅಲ್ಲಿನ ವಾಡಿಕೆ. ಒಬ್ಬ ನೇಕಾರ ದಿನವೂ ಮಧ್ಯಾಹ್ನ ಮಗ್ಗ ಬಿಟ್ಟು ಕತೆ ಕೇಳಲು ಬರುತ್ತಿದ್ದ. ಅವನೂ ಬರದಿದ್ದರೆ ಕತೆಗಾರ ಗೋಡೆಗೇ ಕತೆ ಹೇಳಬೇಕಿತ್ತು.

ಕತೆಯಲ್ಲಿ ಒಬ್ಬ ರಾಕ್ಷಸ ಹುಡುಗಿಯೊಬ್ಬಳನ್ನು ಹೊತ್ತೊಯ್ದಿದ್ದ. ಸೂರ್ಯ ಮುಳುಗಿದ ಕೂಡಲೇ ಅವಳನ್ನು ತಿನ್ನುವವನಿದ್ದ. ಅವಳನ್ನು ಬಿಡಿಸಿ ತರಲು ರಾಜಕುಮಾರ ಕುದುರೆ ಏರಿದ.

ನೇಕಾರ ಹೂಂ ಅನ್ನಲಿಲ್ಲ. "ಕುದುರೆಯ ಹೆಸರೇನು?" ಎಂದ. ಕತೆಗಾರ ಹೆಸರಿಟ್ಟ. ಮರುದಿನ ನೇಕಾರ ಅದರ ಲಾಯ ಎಲ್ಲಿ ಎಂದು ಕೇಳಿದ. ಕತೆಗಾರ ಲಾಯ ಕಟ್ಟಿಸಿದ. ದಾರಿಯಲ್ಲಿ ಯಾರೂ ಸಿಗಲಿಲ್ಲವೇ ಎಂದ. ಒಬ್ಬ ಅಜ್ಜಿ ಸಿಕ್ಕಳು. ಅವಳ ಕೋಳಿ ಕಳೆದಿತ್ತು. ರಾಜಕುಮಾರ ಎಂಟು ದಿನ ಕೋಳಿ ಹುಡುಕಿದ. ಅಜ್ಜಿಗೂ ಹೆಸರು ಬಂತು, ಕೋಳಿಗೂ ಬಂತು. ಹೀಗೇ ವರ್ಷ ಉರುಳಿತು. ಸೂರ್ಯ ಬೆಟ್ಟದ ನೆತ್ತಿಯಿಂದ ಒಂದು ಮಾರು ಮೇಲೆ ನಿಂತವನು ನಿಂತೇ ಇದ್ದ. ಪಾಪ, ರಾಕ್ಷಸನಿಗೂ ಕಾಲು ನೋವು ಬಂದಿರಬೇಕು.

ಕತೆಗಾರ ದಣಿದುಹೋದ. ಒಂದು ಮಧ್ಯಾಹ್ನ ನೇಕಾರ ಬಂದು ಕೂತದ್ದೇ ತಡ, ಹೂಂಗಾಗಿ ಕಾಯದೆ, "ಸೂರ್ಯ ಮುಳುಗಿದ. ರಾಕ್ಷಸ ಹುಡುಗಿಯನ್ನು ತಿಂದ. ಕತೆ ಮುಗಿಯಿತು" ಎಂದುಬಿಟ್ಟ. ಈಗಲಾದರೂ ಇವನು ಅತ್ತೇ ಅಳುತ್ತಾನೆ ಎಂದು ಅವನ ಆಸೆ.

ನೇಕಾರ ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. "ಯಾರು, ಆ ಹುಡುಗಿಯೇ? ಅವಳ ಹೆಸರೇನಿತ್ತು?" ಎಂದು ಕೇಳಿದ.

ಕತೆಗಾರ ಅವಳಿಗೆ ಹೆಸರೇ ಇಟ್ಟಿರಲಿಲ್ಲ. ಅವಳು ಯಾರ ಮಗಳು, ಯಾವುದಕ್ಕೆ ನಗುತ್ತಿದ್ದಳು, ಅವನಿಗೇ ಗೊತ್ತಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಪಂಪಾಪತಿಗೆ ತಡೆಯಲಾಗಲಿಲ್ಲ. "ನೇಕಾರ ಅದನ್ನು ಮೊದಲೇ ಕೇಳಬಹುದಿತ್ತಲ್ಲ! ಅವನದೇನೂ ತಪ್ಪಿಲ್ಲವೇ?" ಎಂದ.

"ನಿನ್ನ ಲೋಕ ಮುಳುಗಿದರೆ ಯಾರನ್ನು ನೆನೆದು ನಿನಗೆ ಅಳು ಬರುತ್ತದೆ, ಹೇಳು" ಎಂದರು ಗುರುಗಳು.

ಪಂಪಾಪತಿ ಮೂರು ವರ್ಷದ ಬರವಣಿಗೆಯನ್ನೆಲ್ಲ ಮನಸ್ಸಿನಲ್ಲೇ ತಡಕಾಡಿದ. ಒಬ್ಬರೂ ಸಿಗಲಿಲ್ಲ.